ಫೆಬ್ರವರಿಯ ಜೀರುಂಡೆ

ಫೆಬ್ರವರಿಯಲ್ಲಿ ನಮ್ಮ ಮನೆಯ ಸೂರಿಗೆ ಗಾಜಿನ ಗಾಳಿಗಂಟೆ ಕಟ್ಟಿದ್ದು ಕುನಿಹಾರು. ಬೈಸಿಕೊಂಡದ್ದು ನಾನು.

ಅಂದು ಬೆಳಿಗ್ಗೆ ಬಾಗಿಲು ಸರಿಸುವ ಮೊದಲೇ ಪಕ್ಕದ ಮನೆಯ ಹಿಸಾನೊ ಬಂದು ನಿಂತಿದ್ದಳು. ಕತ್ತಿಗೆ ಎರಡು ಸುತ್ತು ಮಫ್ಲರು, ಮೂಗು ಕೆಂಪು.

“ಸುಮಿಎ ಅಕ್ಕ, ಆ ಗಂಟೆ ಯಾರು ಕಟ್ಟಿದ್ದು?”

“ಹುಡುಗರು ಕಣೆ.”

“ಯಾವ ಸೀಮೆ ಹುಡುಗ್ರು? ಅದನ್ನ ಜುಲೈನಲ್ಲಿ ಕಟ್ಟೋದು, ಕೇಳಿದವ್ರಿಗೆ ತಂಪಾಗ್ಲಿ ಅಂತ. ನಂಗೆ ಈಗಿರೋ ತಂಪೇ ಸಾಕಾಗಿದೆ. ಈ ಗಾಳೀಲಿ ಅದು ಬಡ್ಕೊಳ್ಳೋದು ಕೇಳಿ ನಮ್ಮೆಜಮಾನ್ರು ಇನ್ನೊಂದು ಕಂಬಳಿ ಕೇಳ್ತಿದ್ದಾರೆ.”

“ರೆಕಾರ್ಡಿಂಗ್ ನಡೀತಿದೆ ಹಿಸಾನೊ. ಬೇಸಿಗೆ ಹಾಡುಗಳಂತೆ. ಗಂಟೆ ಕೇಳಿಸಿದ್ರೇನೇ ಹಾಡು ಬರೋದಂತೆ.”

“ಹಾಗಾದ್ರೆ ನಾನೂ ಒಂದು ಹಾಡ್ತೀನಿ, ಅವ್ನ ಕಿವಿ ಹತ್ರ ನಿಂತ್ಕೊಂಡು.”

ಕ್ಷಮೆ ಕೇಳಿ, ಒಂದು ಮೂಲಂಗಿ ಕೊಟ್ಟು ಕಳುಹಿಸಿದೆ. ಆ ತಿಂಗಳು ನಮ್ಮ ಹಿತ್ತಿಲ ಮೂಲಂಗಿಯೆಲ್ಲ ಕ್ಷಮೆ ಕೇಳುವುದರಲ್ಲೇ ಮುಗಿಯಿತು.

ನಮ್ಮದು ಟೋಕಿಯೋಗೆ ಹತ್ತಿರದ ಬೋಸೊ ತೀರದ ಒಂದು ಸಣ್ಣ ವಸತಿಗೃಹ. ಜುಲೈ, ಆಗಸ್ಟಿನಲ್ಲಿ ಸಮುದ್ರಸ್ನಾನಕ್ಕೆ ಬರುವವರಿಂದ ಕಾಲಿಡಲು ಜಾಗವಿರುವುದಿಲ್ಲ. ಚಳಿಗಾಲದಲ್ಲಿ ನಾನು, ಬೆಕ್ಕು, ಮತ್ತೆ ಗಾಳಿ. ಹಾಗಾಗಿ ನನ್ನ ತಂಗಿಯ ಮೊಮ್ಮಗಳು ಚಿಜುರು ಫೋನು ಮಾಡಿ, “ಅಜ್ಜಿ, ನಿಮ್ಮ ಊಟದ ಹಾಲ್ ನಮ್ಮ ಬ್ಯಾಂಡಿಗೆ ಬೇಕು, ತಿಂಗಳ ಕೊನೇವರೆಗೂ” ಎಂದಾಗ ಬೇಡ ಎನ್ನಲು ನೆಪ ಸಿಗಲಿಲ್ಲ. ಡ್ರಮ್ಸು ಬಡಿಯುವವಳು ಅವಳೇ. ಬೇಸ್ ಗಿಟಾರು ಯಾಸುಟೊ ಎಂಬ ಎತ್ತರದ ಹುಡುಗನದು. ಹಾಡು ಬರೆಯುವುದು, ಹಾಡುವುದು, ಉಳಿದವರ ಪ್ರಾಣ ತಿನ್ನುವುದು, ಇಷ್ಟೂ ಕುನಿಹಾರುವಿನ ಪಾಲು.

ಬೇಸಿಗೆಯ ಆಲ್ಬಂ ಜೂನಿನ ಮಳೆ ಮುಗಿಯುವ ಮೊದಲು ಅಂಗಡಿಗೆ ಬರಬೇಕು. ಅದಕ್ಕಾಗಿ ಫೆಬ್ರವರಿ ಮುಗಿಯುವುದರೊಳಗೆ ಕಂಪನಿಯ ಕೈಸೇರಬೇಕು. ತಪ್ಪಿದರೆ ಇನ್ನೊಂದು ಬೇಸಿಗೆಯವರೆಗೆ ಕಾಯಬೇಕು. ಕಾಯುವಂತೆ ಇರಲಿಲ್ಲ. ಯಾಸುಟೊವಿನ ಅಪ್ಪ ತತಾಮಿ ಚಾಪೆ ಹೊಲಿಯುವವನು, ಮೊಣಕಾಲು ಹಿಡಿದುಕೊಂಡಿದೆ. “ಈ ಬೇಸಿಗೆಗೆ ಆಲ್ಬಂ ಬರದಿದ್ದರೆ ಸೂಜಿ ಹಿಡಿಯಲು ಬಾ” ಎಂದು ಮಗನಿಂದ ಮಾತು ತೆಗೆದುಕೊಂಡಿದ್ದ. ಯಾಸುಟೊ ಹೋದರೆ ಬ್ಯಾಂಡು ಅಲ್ಲಿಗೇ ಮುಗಿಯಿತು ಎಂದು ಬಂದ ದಿನವೇ ಚಿಜುರು ಪಾತ್ರೆ ಒರೆಸುತ್ತಾ ಹೇಳಿದ್ದಳು. ಹೇಳುವಾಗ ಒಂದೇ ಬಟ್ಟಲನ್ನು ಒರೆಸಿದ್ದೇ ಒರೆಸಿದ್ದು.

ಇಷ್ಟು ಅವಸರವಿದ್ದವರು ಬೇಗ ಹಾಡಿ ಮುಗಿಸಬೇಕೋ ಬೇಡವೋ? ಕುನಿಹಾರುವಿಗೆ ಮೊದಲು ಬೇಸಿಗೆ ಬೇಕು.

ಅವನು ಕುಶಿರೊದವನು. ಉತ್ತರದ ಆ ಊರಲ್ಲಿ ಜುಲೈನಲ್ಲೂ ಸಮುದ್ರದಿಂದ ಮಂಜು ಎದ್ದು ಬಂದು ಬೀದಿಯಲ್ಲಿ ಕೂರುತ್ತದೆ. ಶಾಲೆಯ ಬೇಸಿಗೆ ರಜೆಯೂ ಮೋಟು, ನಮ್ಮ ಕಡೆಯ ಮಕ್ಕಳು ಇನ್ನೂ ನೀರಲ್ಲಿ ಬಿದ್ದಿರುವಾಗಲೇ ಅಲ್ಲಿಯವರು ಬ್ಯಾಗು ಹೊತ್ತಿರುತ್ತಾರೆ. ಬೇಸಿಗೆಯನ್ನು ಟೀವಿಯಲ್ಲಿ ನೋಡಿ ಬೆಳೆದವನು ಬೇಸಿಗೆಯ ಮೇಲೆ ಹಾಡು ಕಟ್ಟಲು ಹೊರಟರೆ ಹೇಗಿರುತ್ತದೆ? ನಮ್ಮ ಮನೆಯಲ್ಲಿದ್ದ ಹಾಗೆ ಇರುತ್ತದೆ.

ಮೊದಲು ಸೀಮೆಎಣ್ಣೆ ಸ್ಟವ್ ಆರಿಸಿದ. ಅದರ ಬುಸಬುಸ ಮೈಕಿಗೆ ಬೀಳುತ್ತದಂತೆ. ಆಮೇಲೆ ಅಟ್ಟದಿಂದ ಅತಿಥಿಗಳ ಯುಕಾತಗಳನ್ನು, ಅಂದರೆ ಬೇಸಿಗೆಯ ತೆಳು ಹತ್ತಿ ನಿಲುವಂಗಿಗಳನ್ನು ಇಳಿಸಿ ಮೂವರಿಗೂ ಹಂಚಿದ. ಚಿಜುರು ಅದರೊಳಗೆ ಎರಡು ಸ್ವೆಟರು ತೊಟ್ಟು ಡ್ರಮ್ಸಿನ ಹಿಂದೆ ಕೂತಾಗ ಬಾಣಂತಿಯ ಹಾಗೆ ಕಾಣುತ್ತಿದ್ದಳು. ಸೊಳ್ಳೆಬತ್ತಿ ಹಚ್ಚಿದ. ಸೊಳ್ಳೆಗಳಿರಲಿ, ಆ ಚಳಿಗೆ ಬೆಕ್ಕೇ ನನ್ನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಬಿಸಿ ಸಾರು ಮಾಡಿಟ್ಟರೆ ಮುಖ ಸಣ್ಣದು ಮಾಡಿ, “ಅಜ್ಜಿ, ಸೋಮೆನ್ ಇಲ್ವಾ? ಐಸ್ ನೀರಲ್ಲಿ ತೇಲಿಸಿರೋದು?” ಎಂದ.

“ಐಸ್ ಯಾಕಪ್ಪಾ? ನಲ್ಲೀಲಿ ಬರೋದೇ ಐಸ್.”

ಶಾವಿಗೆ ಬೇಯಿಸಿ, ತಣ್ಣೀರಲ್ಲಿ ತೊಳೆದು ಕೊಟ್ಟೆ. ಯಾಸುಟೊ ಒಂದು ತುತ್ತು ನುಂಗಿ, ಎದೆ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತ. ಅವನು ಏನೂ ಹೇಳುವವನೇ ಅಲ್ಲ.

ಇನ್ನೊಂದು ಕಾಯಿದೆ ನನಗೆ. ಅಡುಗೆಮನೆಗೂ ಊಟದ ಹಾಲ್‌ಗೂ ನಡುವೆ ತಟ್ಟೆ ದಾಟಿಸುವ ಕಿಂಡಿಯಿದೆ. ರೆಕಾರ್ಡಿಂಗ್ ನಡೆಯುವಾಗ ಅದನ್ನು ಮುಚ್ಚಿರಬೇಕು, ಕೊಚ್ಚುವಂತಿಲ್ಲ, ಕರಿಯುವುದಂತೂ ಇಲ್ಲವೇ ಇಲ್ಲ. ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗೆ ತುದಿಗಾಲಲ್ಲಿ ಓಡಾಡಿದೆ. ಒಮ್ಮೆ ಮುಚ್ಚಳ ಕೈಜಾರಿ ಬಿತ್ತು. ಕಿಂಡಿ ಸರಿಯಿತು, ಕುನಿಹಾರುವಿನ ತಲೆ ಒಳಗೆ ಬಂತು. “ಅಜ್ಜೀ...” ಎಂದ, ಅಷ್ಟೇ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಹೀಗೆ ಅಳುಮುಖ ಮಾಡಿದರೆ ಏನು ಮಾಡುವುದು?

ಇದೆಲ್ಲ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಜೀರುಂಡೆ.

ಆಲ್ಬಮ್ಮಿನ ಮೊದಲ ಹಾಡು ಬೇಸಿಗೆ ರಜೆಯ ಮೊದಲ ಬೆಳಿಗ್ಗೆಯ ಮೇಲಿನದು. ಹುಡುಗನೊಬ್ಬ ಚಪ್ಪಲಿ ಮೆಟ್ಟಿಕೊಂಡು ಸಮುದ್ರದ ಕಡೆ ಓಡುತ್ತಾನೆ. ಹಾಡಿಗೆ ಮೊದಲು ಜೀರುಂಡೆ ಕೂಗಬೇಕು. ಅಂಗಡಿಯಲ್ಲಿ ಸಿಗುವ ಸದ್ದು ಬೇಡವೆಂದು, ಹಿಂದಿನ ವರ್ಷ ಕುನಿಹಾರು ತಾನೇ ನಮ್ಮೂರ ಪೈನ್ ತೋಪಿಗೆ ಬಂದು ಸೊಳ್ಳೆ ಕಚ್ಚಿಸಿಕೊಂಡು ಕೂಗನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಆದರೆ ಬಂದದ್ದು ಬ್ಯಾಂಡಿನ ತಿರುಗಾಟವೆಲ್ಲ ಮುಗಿದ ಮೇಲೆ, ಆಗಸ್ಟಿನ ತುದಿಗೆ. ಅಷ್ಟು ಹೊತ್ತಿಗೆ ತೋಪಿನಲ್ಲಿ ಕೂಗುತ್ತಿದ್ದದ್ದು ತ್ಸುಕುತ್ಸುಕು-ಬೋಶಿ, ಬೇಸಿಗೆ ಮುಗಿಯುವಾಗಿನ ಜೀರುಂಡೆ.

ಆ ಕೂಗು ಎಂಥದ್ದೆಂದು ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಗೊತ್ತು. ರಜೆ ಮುಗಿಯಿತು, ಹೋಮ್‌ವರ್ಕ್ ಮಾಡಿಲ್ಲ, ಕಡಲಲ್ಲಿ ಲೋಳೆಮೀನು ಬಂದಿದೆ, ಈಜುವಂತಿಲ್ಲ, ನಾಳೆ ಶಾಲೆ. ನನಗಂತೂ ಅತಿಥಿಗಳ ಹಾಸಿಗೆ ಮಡಿಚಿಡುವ ಕಾಲ ಅದು. ಅಂಥ ಹುಳವನ್ನು ತಂದು ರಜೆಯ ಮೊದಲ ಬೆಳಿಗ್ಗೆಗೆ ಕೂರಿಸಿದ್ದ, ಮದುವೆ ಮನೆಯ ಬಾಗಿಲಲ್ಲಿ ಶವದ ಮುಂದಿನ ಡೋಲು ಬಾರಿಸಿದ ಹಾಗೆ.

ಮತ್ತು ಯಾರೂ ಅವನಿಗೆ ಹೇಳಿರಲಿಲ್ಲ.

ಮೊದಲು ಬಂದವಳು ಚಿಜುರು. ಅಡುಗೆಮನೆಯಲ್ಲಿ ಬಿಸಿನೀರಿನ ಬೋಗುಣಿಗೆ ಬೆರಳಿಟ್ಟುಕೊಂಡು, “ಅಜ್ಜಿ, ನೀವೊಂದು ಮಾತು ಹೇಳ್ಬಾರ್ದಾ ಅವ್ನಿಗೆ?” ಎಂದಳು.

“ನೀನೇ ಹೇಳು. ನಿನ್ನ ಬ್ಯಾಂಡು.”

“ನಾನು ಹೇಳಿದ್ರೆ ಮುಗೀತು. ಹೋದ ವರ್ಷ ಒಂದು ಹಾಡು ಸ್ವಲ್ಪ ವೇಗವಾಗಿ ಓಡ್ತಿದೆ ಅಂದಿದ್ದಕ್ಕೆ ಒಂದು ವಾರ ನನ್ಜೊತೆ ಮಾತಾಡ್ಲಿಲ್ಲ. ಆ ಸದ್ದಿಗೋಸ್ಕರ ಕಾಲೆಲ್ಲ ಬಾತ್ಕೊಂಡಿತ್ತು ಅವ್ನಿಗೆ. ಯಾಸುಟೊ ಹೇಳ್ತಾನೆ ಅಂದ್ಕೊಂಡಿದ್ದೆ.”

ಮರುದಿನ ಯಾಸುಟೊ ಬಂದ. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ನಿಂತು, ಬೆಕ್ಕಿನ ಬಗ್ಗೆ ಎರಡು ಮಾತಾಡಿ, ಆಮೇಲೆ, “ಚಿಜುರು ಹೇಳಿರ್ಬೇಕಲ್ಲ ಅವ್ನಿಗೆ, ಆ ಹುಳದ ವಿಷಯ?” ಎಂದ.

“ಅವಳು ನೀನು ಹೇಳಿದೀಯ ಅಂದ್ಕೊಂಡಿದಾಳೆ.”

“ಓಹೋ.” ಬೆಕ್ಕಿನ ಕಡೆ ನೋಡಿದ. “ಅಜ್ಜಿ, ನೀವು ಹೊರಗಿನವ್ರು. ನೀವು ಹೇಳಿದ್ರೆ ಬೇಜಾರಾಗಲ್ಲ.”

“ನನ್ನ ಮನೇಲಿ ನಾನು ಹೊರಗಿನವಳಾ?”

ಯಾಸುಟೊ ಕ್ಷಮೆ ಕೇಳಿ, ಸೊಂಟ ಬಗ್ಗಿಸಿ, ತಲೆ ಎತ್ತುವಾಗ ಚೌಕಟ್ಟಿಗೆ ಹೊಡೆಸಿಕೊಂಡು ಹೋದ.

ನನಗೂ ಹೇಳುವ ಮನಸ್ಸಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಬೆಕ್ಕು ಸಾಕಿದವಳೇ ಮಾಡಬೇಕೆಂದು ಎಲ್ಲಿದೆ? ಕಂಪನಿಯವರು ಬರುತ್ತಾರಲ್ಲ, ಅವರೇ ಹೇಳಲಿ ಎಂದು ಸುಮ್ಮನಿದ್ದೆ.

ಕಂಪನಿಯ ಕುರೊಇವಾ ಎಂಬವರು ಟೋಕಿಯೋದಿಂದ ಕೇಕಿನ ಡಬ್ಬಿ ಹಿಡಿದುಕೊಂಡು ಬಂದರು. ಕೋಟು ಕಳಚದೆ, ತಣ್ಣನೆಯ ಹಾಲ್‌ನಲ್ಲಿ ಮಂಡಿಯೂರಿ ಕೂತು, ಕಣ್ಣು ಮುಚ್ಚಿ ಮೊದಲ ಹಾಡು ಕೇಳಿದರು. ಜೀರುಂಡೆ ಕೂಗಿದ ಕೂಡಲೇ ಅವರ ಹುಬ್ಬು ಒಂದು ಸಲ ಏರಿ ಇಳಿದದ್ದನ್ನು ಕಿಂಡಿಯಿಂದ ನಾನು ಕಂಡೆ. ಹಾಡು ಮುಗಿಯಿತು. ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು.

“ಇದು... ತುಂಬಾ ಆಳವಾಗಿದೆ ಕುನಿಹಾರು. ಆ ಶುರುವಿನ ಬಗ್ಗೆ ನಾವೆಲ್ಲ ಇನ್ನೂ ಸ್ವಲ್ಪ ಯೋಚಿಸಿದ್ರೆ ಒಳ್ಳೇದೇನೋ ಅನ್ಸುತ್ತೆ.”

ನಾನು ಅಷ್ಟು ದೂರದಲ್ಲಿದ್ದೂ ಅದು ‘ಆಗುವುದಿಲ್ಲ’ ಎಂದು ಕೇಳಿಸಿತು. ಕುನಿಹಾರು ಕೆನ್ನೆ ಕೆಂಪಾಗಿಸಿಕೊಂಡು ತಲೆ ಬಾಗಿಸಿ, “ಥ್ಯಾಂಕ್ಸ್ ಸಾರ್! ಹಾಗಾದ್ರೆ ಜೀರುಂಡೆನ ಇನ್ನೂ ಸ್ವಲ್ಪ ಉದ್ದ ಮಾಡ್ತೀನಿ!” ಎಂದ.

ಚಿಜುರು ಡ್ರಮ್ಮಿನ ಮೇಲೆ ಹಣೆಯಿಟ್ಟಳು.

ಬಸ್ಸಿಗೆ ಹೊರಡುವ ಮೊದಲು ಕುರೊಇವಾ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಬಂದರು.

“ಅಮ್ಮ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು.”

“ಜೀರುಂಡೆನಾ?”

ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. “ಹಾಡುಗಳು ಚೆನ್ನಾಗಿವೆ ಅಮ್ಮ, ನಿಜವಾಗ್ಲೂ. ಆದ್ರೆ ಅಂಗಡೀಲಿ ಹಾಕಿದ ತಕ್ಷಣ ಗಿರಾಕಿಗೆ ಹೋಮ್‌ವರ್ಕ್ ನೆನಪಾದ್ರೆ ಯಾರು ತಗೋತಾರೆ? ಆ ಶುರು ಬದ್ಲಾಗ್ಲಿಲ್ಲ ಅಂದ್ರೆ ನಮ್ಮ ಮೇಲಿನವ್ರು ಈ ಬೇಸಿಗೆಗೆ ಬಿಡೋಕೆ ಒಪ್ಪಲ್ಲ. ನಾನು ನೇರ ಹೇಳಿದ್ರೆ ಹುಡುಗ ಕುಗ್ಗಿಹೋಗ್ತಾನೆ. ನೀವಾದ್ರೆ...”

“ನಾನು ಹೇಳಿದ್ರೆ ಕುಗ್ಗಲ್ವಾ?”

“ನಿಮ್ಮ ಮಾತು ಬೇರೆ,” ಎಂದು ಆ ದೊಡ್ಡ ಮನುಷ್ಯ ಕೈ ಒರೆಸಿಕೊಂಡು ಬಸ್ಸು ಹತ್ತಿದರು. ನನ್ನ ಅಡುಗೆಮನೆ ಯಾವಾಗ ದೂರು ಪೆಟ್ಟಿಗೆಯಾಯಿತೋ ತಿಳಿಯದು.

ಮರುದಿನ ಬೆಳಗಿನ ಊಟಕ್ಕೆ ಮೂವರೂ ಯುಕಾತದಲ್ಲಿ ನಡುಗುತ್ತಾ ಕೂತರು. ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ಕುನಿಹಾರು ಮಿಸೊ ಸಾರಿನ ಬಟ್ಟಲಿಗೆ ಮುಖವಿಟ್ಟು, “ಇವತ್ತು ಜೀರುಂಡೆ ಉದ್ದ ಮಾಡೋಣ. ಆಮೇಲೆ ಅಜ್ಜಿ, ಈ ಸಾರು ಸ್ವಲ್ಪ ಆರಿಸ್ಕೊಟ್ರೆ...” ಎಂದ.

ಸಾರು ಆರಿಸಿಕೊಡು ಎಂದದ್ದು ತಪ್ಪಾಯಿತು. ಸೌಟು ಕೆಳಗಿಟ್ಟೆ.

“ಕುನಿ, ಅದು ತಪ್ಪು ಹುಳ.”

“ಆಂ?”

“ನಿನ್ನ ಹಾಡು ರಜೆ ಶುರುವಾಯ್ತು ಅನ್ನುತ್ತೆ. ನಿನ್ನ ಹುಳ ರಜೆ ಮುಗೀತು ಅನ್ನುತ್ತೆ. ಅದು ಕೂಗೋದು ಆಗಸ್ಟಿನ ಕೊನೆಗೆ. ಕೇಳಿದ್ರೆ ನಮ್ಮ ಕಡೆಯವ್ರಿಗೆ ಅಳು ಬರುತ್ತೆ. ಚಿಜುರುಗೆ ಗೊತ್ತು. ಯಾಸುಟೊಗೆ ಗೊತ್ತು. ನಿನ್ನೆ ಬಂದಿದ್ದ ನಿಮ್ಮ ಸಾರ್‌ಗೂ ಗೊತ್ತು. ಹೀಗೇ ಇದ್ರೆ ಆಲ್ಬಂ ಬರಲ್ಲ ಅಂತ ನಂಗೆ ಹೇಳಿ ಹೋಗಿದಾರೆ. ನಿನ್ನೊಬ್ಬನ್ನ ಬಿಟ್ಟು ಎಲ್ರಿಗೂ ಹೇಳಾಯ್ತು, ಬೆಕ್ಕೂ ಸೇರಿ.”

ಹೊರಗೆ ಗಾಳಿಗಂಟೆ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತಿತ್ತು.

“ಅಂದ್ರೆ,” ಎಂದ ಕುನಿಹಾರು ನಿಧಾನವಾಗಿ, “ನಾನು ಜೀವನದಲ್ಲಿ ಮೊದಲ್ನೇ ಸಲ ಕೇಳಿದ ಬೇಸಿಗೆ, ನಿಮ್ಗೆಲ್ಲ ಮುಗ್ದುಹೋಗಿದ್ದ ಬೇಸಿಗೆನಾ?”

ಈ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಆದರೆ ಅವನು ಅಲ್ಲಿಗೇ ಬಿಡಲಿಲ್ಲ. ಉಳಿದಿಬ್ಬರ ಕಡೆ ತಿರುಗಿದ. “ಗೊತ್ತಿದ್ದೂ ಸುಮ್ನಿದ್ರಾ? ಅಷ್ಟು ದಿನ? ಕೇಳ್ಲಿಲ್ವಾ ನಾನು, ಹೇಗಿದೆ ಅಂತ?”

“ನಿಂಗೆ ಯಾರಾದ್ರೂ ಏನಾದ್ರೂ ಹೇಳೋಕಾಗುತ್ತಾ?” ಎಂದದ್ದು ಯಾಸುಟೊ. ಅವನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. “ಚಳಿ ಅಂದ್ರೆ ಮುಖ ಊದಿಸ್ತೀಯ. ಬೆರಳು ಮರಗಟ್ಟಿ ತಂತಿ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ನಂಗೆ! ಆ ಹಾಳು ಶಾವಿಗೆ! ಆ ಗಂಟೆ! ನಮ್ಮಪ್ಪನ ಅಂಗಡೀಲಿ ಸ್ಟವ್ ಆದ್ರೂ ಇದೆ!”

“ಹೋಗು ಹಾಗಾದ್ರೆ! ಚಾಪೆ ಹೊಲಿ ಹೋಗು!”

“ಹೋಗ್ತೀನಿ!”

“ಇಬ್ರೂ ಬಾಯ್ಮುಚ್ರಿ!” ಎಂದು ಚಿಜುರು ಕಿರುಚಿದಳು. ಅವಳೂ ಅಳುತ್ತಿದ್ದಳು.

ಯಾಸುಟೊ ಮೇಲೆ ಹೋಗಿ ಬಟ್ಟೆ ತುಂಬಿಕೊಂಡು, ಕೋಟು ತೊಟ್ಟು, ಬೇಸ್ ಗಿಟಾರಿನ ಪೆಟ್ಟಿಗೆ ಹಿಡಿದು ಇಳಿದು ಬಂದ. ಮಧ್ಯಾಹ್ನದ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಹೊಸ್ತಿಲಲ್ಲಿ ಬೆನ್ನು ಹಾಕಿ ಕೂತ. ಕುನಿಹಾರು ಜಗಲಿಗೆ ಹೋಗಿ ಗಂಟೆ ಬಿಚ್ಚಿ, ಅದನ್ನು ಕೈಯಲ್ಲೇ ಹಿಡಿದುಕೊಂಡು ಸಮುದ್ರ ನೋಡುತ್ತಾ ನಿಂತ. ಚಿಜುರು ಹಾಲ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಆ ಜೀರುಂಡೆಯನ್ನು ಹಾಡಿನಿಂದ ಕಿತ್ತು ಹಾಕಲು ಕೂತಳು.

ನಾನೇನು ಮಾಡಲಿ? ಮನೆಯಿಂದ ಹೋಗುವವನನ್ನು ಹಸಿದ ಹೊಟ್ಟೆಯಲ್ಲಿ ಕಳುಹಿಸಿ ಅಭ್ಯಾಸವಿಲ್ಲ. ಇನ್ನು ರೆಕಾರ್ಡಿಂಗೂ ಇಲ್ಲ, ಗಿಕಾರ್ಡಿಂಗೂ ಇಲ್ಲ ಎಂದು ಧೈರ್ಯವಾಗಿ ಕಿಂಡಿ ತೆರೆದು, ಬಾಣಲೆ ಇಟ್ಟು, ಎಣ್ಣೆ ಸುರಿದೆ. ಸಿಹಿಗೆಣಸು ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಒಂದು ಬಿಲ್ಲೆ ಬಿಟ್ಟೆ. ಅಷ್ಟು ದಿನದ ಮೇಲೆ ಎಣ್ಣೆಯ ಸದ್ದು ಕೇಳಿ ನನಗೆ ಜೀವ ಬಂದ ಹಾಗಾಯಿತು. ಇನ್ನಷ್ಟು ಬಿಟ್ಟೆ.

“ಯಾರದು?” ಹಾಲ್‌ನಿಂದ ಚಿಜುರು ಕೂಗಿದಳು. “ಯಾರು ಇನ್ನೊಂದು ಜೀರುಂಡೆ ಹಾಕಿದ್ದು?”

“ಯಾವ ಜೀರುಂಡೆ? ತೆಂಪುರ ಕಣೆ!”

ಅವಳು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ಮತ್ತೆ ಹಾಕಿಕೊಂಡು, ಬಾಯಿ ತೆರೆದು ಕೂತಳು. ಆಮೇಲೆ ಎದ್ದು ಓಡಿ, ಜಗಲಿಯಲ್ಲಿದ್ದ ಕುನಿಹಾರುವನ್ನು ತೋಳು ಹಿಡಿದು ಎಳೆದು ತಂದು ಹೆಡ್‌ಫೋನನ್ನು ಅವನ ತಲೆಗೆ ಸಿಕ್ಕಿಸಿದಳು.

ಹಾಲ್‌ನ ಮೈಕುಗಳು ತೆರೆದೇ ಇದ್ದವು. ಕಿಂಡಿಯ ಮೂಲಕ ನನ್ನ ಬಾಣಲೆ ಅವುಗಳೊಳಗೆ ಹೋಗಿತ್ತು. ನಡುಬೇಸಿಗೆಯ ಜೀರುಂಡೆಯೊಂದಿದೆ. ಜುಲೈಯ ಸುಡುಬಿಸಿಲಲ್ಲಿ ಇಡೀ ಮರವೇ ಕಾದ ಎಣ್ಣೆಯಲ್ಲಿ ಬೇಯುತ್ತಿದೆಯೇನೋ ಅನ್ನುವ ಹಾಗೆ ಕೂಗುತ್ತದೆ. ಎಣ್ಣೆ ಜೀರುಂಡೆ ಎಂದೇ ಅದನ್ನು ಕರೆಯುವುದು. ಹುಟ್ಟಿದಾಗಿನಿಂದ ಕರೆಯುತ್ತಾ ಬಂದಿದ್ದರೂ ಆ ಕೂಗು ಬಾಣಲೆಯಲ್ಲೇ ಸಿಗುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಕುನಿಹಾರು ಹೆಡ್‌ಫೋನಿನಲ್ಲೇ ನಿಂತಿದ್ದ. ಗೆಣಸು ಹೊಂಬಣ್ಣಕ್ಕೆ ಬಂದು, ಸದ್ದು ಸಣ್ಣಗಾಗಿ ನಿಂತಿತು.

“ಅಜ್ಜಿ,” ಎಂದ ಮೆಲ್ಲಗೆ, “ಇನ್ನೊಂದು ಸಲ ಕರೀತೀರಾ?”

ಇನ್ನೊಂದು ಸಲ! ಆ ಮಾತನ್ನು ಅವನು ಆ ದಿನ ಎಷ್ಟು ಸಲ ಹೇಳಿದನೆಂದು ದೇವರಿಗೇ ಗೊತ್ತು.

“ಮೊದಲು ಒಂದೇ ಬಿಡಿ ಅಜ್ಜಿ, ಒಂದೇ ಹುಳ ಕೂಗಿದ ಹಾಗೆ. ಆಮೇಲೆ ಎಲ್ಲ ಒಟ್ಟಿಗೆ.”

“ಮೀನು ಬೇಡ ಅಜ್ಜಿ, ಸಿಡಿಯುತ್ತೆ. ಗೆಣಸೇ ಚೆನ್ನಾಗಿ ಹಾಡುತ್ತೆ.”

“ಅಜ್ಜಿ, ಉಸಿರು ಜೋರಾಯ್ತು.”

“ಉಸಿರಾಡೋದೂ ಬೇಡ್ವಾ? ಹಾಗಾದ್ರೆ ಎಣ್ಣೆಗೆ ನನ್ನನ್ನೇ ಬಿಡು!”

“ಕೆಟ್ಟೋಯ್ತು. ಇನ್ನೊಂದ್ಸಲ.”

ಗೆಣಸು ಮುಗಿಯಿತು. ಚಿಜುರು ಹಿಸಾನೊವಿನ ಮನೆಗೆ ಓಡಿ ಕುಂಬಳ ತಂದಳು, ಹಿಂದೆಯೇ ಹಿಸಾನೊ ಬಂದಳು, “ಗಂಟೆ ನಿಂತೋಯ್ತು ಅಂತ ಸಂತೋಷಪಟ್ರೆ ಇದೇನಕ್ಕ ಹೊಸ ಹುಚ್ಚು?” ಎಂದು ಗಟ್ಟಿಯಾಗಿ ಕೇಳಿ ಇನ್ನೊಂದು ರೆಕಾರ್ಡಿಂಗನ್ನು ಹಾಳು ಮಾಡಿದಳು. ಕರಿದದ್ದನ್ನೆಲ್ಲ ತಟ್ಟೆ ತಟ್ಟೆಯಾಗಿ ಅವಳ ಮನೆಗೆ, ಅಂಚೆಯವನಿಗೆ, ಬಂದರಿನ ಕಡೆಗೆ ಕಳುಹಿಸಿದೆವು.

ಈ ಗದ್ದಲದಲ್ಲಿ ಬಸ್ಸು ಬಂದು ಹೋಯಿತು. ಯಾಸುಟೊ ಕೋಟು ತೊಟ್ಟೇ ಹಾಲ್‌ನ ಬಾಗಿಲಲ್ಲಿ ತೆಂಪುರ ಕಚ್ಚುತ್ತಾ ನಿಂತಿದ್ದ. ಕುನಿಹಾರು ಪರದೆಯ ಮೇಲಿದ್ದ ಹಳೆಯ ಜೀರುಂಡೆಯನ್ನು ಅಳಿಸಲು ಬೆರಳು ಇಟ್ಟಾಗ, ಬಾಯಿ ತುಂಬಿದ್ದಂತೆಯೇ ಯಾಸುಟೊ ಅಂದ:

“ಅಳಿಸ್ಬೇಡ. ಕೊನೇ ಹಾಡಿನ ಕೊನೇಲಿ ಇಡು. ಅಲ್ಲಿ ಅಳು ಬಂದ್ರೆ ಬರ್ಲಿ.”

ಕುನಿಹಾರು ತಿರುಗಿ ನೋಡಲಿಲ್ಲ. “ಬಸ್ಸು ಹೋಯ್ತಲ್ಲ,” ಎಂದ.

“ಹೋಯ್ತು.”

ಕುನಿಹಾರು ಎದ್ದು ಹೋಗಿ, ಮೂಲೆಯಲ್ಲಿದ್ದ ಸ್ಟವ್ ತಂದು ಯಾಸುಟೊ ಕೂರುವ ಜಾಗದ ಪಕ್ಕದಲ್ಲಿಟ್ಟು, ತಾನೇ ಕಡ್ಡಿ ಗೀರಿದ. ಬುಸಬುಸ ಮೈಕಿಗೆ ಬೀಳುತ್ತದಲ್ಲ ಎಂದು ಚಿಜುರು ಕೇಳಿದ್ದಕ್ಕೆ, “ಬೀಳ್ಲಿ. ಸಮುದ್ರ ಅಂದ್ಕೋತಾರೆ,” ಎಂದ. ಈ ಬುದ್ಧಿ ತಿಂಗಳ ಮೊದಲೇ ಬಂದಿದ್ದರೆ ನನ್ನ ಮೂಲಂಗಿಗಳಾದರೂ ಉಳಿಯುತ್ತಿದ್ದವು.

ಬೆರಳು ಬಿಸಿಯಾದ ಮೇಲೆ ಉಳಿದ ಹಾಡುಗಳು ತಡೆಯಿಲ್ಲದೆ ಓಡಿದವು. ತಿಂಗಳು ಮುಗಿಯುವ ಮೊದಲು ಎಲ್ಲವೂ ಕಂಪನಿಗೆ ಹೋಯಿತು. ಕುರೊಇವಾ ಫೋನು ಮಾಡಿ ಈ ಸಲ ಉಸಿರೆಳೆದುಕೊಳ್ಳದೆ, “ಚೆನ್ನಾಗಿದೆ” ಎಂದರಂತೆ. ಆಲ್ಬಂ ಜೂನಿನಲ್ಲಿ ಬಂತು. ನನಗೂ ಒಂದು ಕಳುಹಿಸಿದರು. ಮೊದಲ ಹಾಡಿನ ಜೀರುಂಡೆ ಕೇಳಿದಾಗಲೆಲ್ಲ ನನಗೆ ಇವತ್ತಿಗೂ ಎಣ್ಣೆಯ ವಾಸನೆ ಬರುತ್ತದೆ. ಊಟದ ಹಾಲ್‌ನಲ್ಲಿ ಅದನ್ನು ಹಾಕಿದ್ದಾಗ ಯಾರೋ ಅತಿಥಿ, “ಇದು ಈ ಊರಿನ ಜೀರುಂಡೆನಾ?” ಎಂದು ಕೇಳಿದರು. ಹೌದು, ನಮ್ಮ ಅಡುಗೆಮನೆಯದೇ ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಜುಲೈ ಕೊನೆಯ ಒಂದು ಮಧ್ಯಾಹ್ನ, ಮನೆ ತುಂಬಾ ಒದ್ದೆ ಟವೆಲು, ಮರಳು, ಮಕ್ಕಳು, ಫೋನು ಬಂತು.

“ಅಜ್ಜಿ, ನಾನು ಕುನಿ. ನಿಮ್ಮ ಅಟ್ಟದಲ್ಲಿ ಕೊತಾತ್ಸು ಮೇಜು ಇದ್ಯಲ್ಲ, ಕೆಳಗೆ ಹೀಟರ್ ಇರೋದು, ಅದರ ದಪ್ಪ ರಜಾಯಿ ಹಾಗೇ ಇದ್ಯಾ?”

“ಇದೆ. ಯಾಕೆ?”

“ಆಗಸ್ಟ್ ಕೊನೇಲಿ ಊಟದ ಹಾಲ್ ಬೇಕಿತ್ತು. ಈ ಸಲದ್ದು ಚಳಿಗಾಲದ ಆಲ್ಬಂ. ಹಿಮದ ಮೇಲೆ. ಡಿಸೆಂಬರಲ್ಲಿ ಬರ್ಬೇಕು. ಫ್ಯಾನ್ ಮಾತ್ರ ಹಾಕೋ ಹಾಗಿಲ್ಲ ಅಜ್ಜಿ, ಮೈಕಿಗೆ ಬೀಳುತ್ತೆ.”

ಬೆವರು ಕಣ್ಣಿಗೆ ಇಳಿಯುತ್ತಿತ್ತು. ಹೊರಗೆ ಪೈನ್ ತೋಪು ಕಾದ ಬಾಣಲೆಯ ಹಾಗೆ ಕೂಗುತ್ತಿತ್ತು. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿ, ಒಂದೇ ಮಾತು ಕೇಳಿದೆ.

“ಬರೋದು ಯಾರ್ಯಾರು?”

“ಮೂವರೂ ಅಜ್ಜಿ. ಯಾಸುಟೊ ಇಲ್ಲೇ ಇದಾನೆ, ನಿಮ್ಗೆ ಹೇಳು ಅಂತಿದಾನೆ, ಬಿಸಿ ಸಾರು ಬೇಡ್ವಂತೆ.”

“ಅವನೇ ಹೇಳಿದ್ನಾ? ನಿನ್ನ ಎದುರಿಗೇ?”

“ಎದುರಿಗೇ. ಬೆಳಿಗ್ಗೆಯಿಂದ ಬೈತಾನೇ ಇದಾನೆ.”

ಫೋನು ಇಟ್ಟೆ. ಗೊಣಗುತ್ತಾ ಏಣಿ ಹಾಕಿ ಅಟ್ಟ ಹತ್ತಿದೆ. ರಜಾಯಿಗೆ ಒಮ್ಮೆ ಬಿಸಿಲು ಕಾಣಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಅದನ್ನು ಹೊತ್ತು ತಂದು ಅಂಗಳದ ಬಿದಿರಿನ ಮೇಲೆ ಹರವುವುದನ್ನು ಬೇಲಿಯಾಚೆಯಿಂದ ಹಿಸಾನೊ ಬೀಸಣಿಗೆ ಹಿಡಿದು ನೋಡುತ್ತಿದ್ದಳು. ನನ್ನನ್ನು ನೋಡಿದಳು, ರಜಾಯಿಯನ್ನು ನೋಡಿದಳು. ಬಾಯಿ ತೆರೆಯುವ ಮೊದಲೇ ನಾನು ಕೈಯೆತ್ತಿದೆ.

“ಒಂದು ಮಾತೂ ಬೇಡ ಹಿಸಾನೊ. ಈ ಸಲ ಮೂಲಂಗಿ ಇಲ್ಲ, ಸೌತೆಕಾಯಿ ಕೊಡ್ತೀನಿ.”